‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳಿದಾಗ: ಹಾರ್ಡ್ ಡಿಸ್ಕ್ ವಿಭಾಗಗಳ ದೋಷ ಪತ್ತೆ

ಹಾರ್ಡ್ ಡಿಸ್ಕನ್ನು ಜೋಡಿಸಿದ ಕೂಡಲೇ ವಿಂಡೋಸ್ ಕೆಲವೊಮ್ಮೆ ‘ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಇನ್ನು ಕೆಲವೊಮ್ಮೆ ‘ಇನಿಶಿಯಲೈಸ್ ಮಾಡಬೇಕು’, ಅಂದರೆ ಹೊಸ ಡಿಸ್ಕಿನಂತೆ ಮೊದಲಿನಿಂದ ಸಿದ್ಧಪಡಿಸಬೇಕು, ಎನ್ನುತ್ತದೆ. ಎರಡಕ್ಕೂ ಉತ್ತರ ‘ಕ್ಯಾನ್ಸೆಲ್’. ನಿಮ್ಮ ಮಾಹಿತಿ ಹೋಯಿತು ಎಂದು ಆ ಸಂದೇಶ ಹೇಳುತ್ತಿಲ್ಲ. ಅಲ್ಲಿ ಬರೆದಿರುವುದು ತನಗೆ ಅರ್ಥವಾಗಲಿಲ್ಲ ಎಂದಷ್ಟೇ ಹೇಳುತ್ತಿದೆ. ಅರ್ಥವಾಗದ್ದಕ್ಕೆ ಕಾರಣ ಡಿಸ್ಕ್ ಕೆಟ್ಟಿರುವುದೇ ಆಗಬೇಕಿಲ್ಲ, 150 ರೂಪಾಯಿಯ ಕೇಬಲ್ ಕೂಡ ಆಗಿರಬಹುದು.

ಮುಂಬೈಯ ಕನ್ನಡ ಸಂಘಗಳ ಕಚೇರಿಗಳಲ್ಲಿ, ಉಡುಪಿ ಹೋಟೆಲುಗಳ ಗಲ್ಲಾದ ಪಕ್ಕದ ಬಿಲ್ಲಿಂಗ್ ಕಂಪ್ಯೂಟರುಗಳಲ್ಲಿ, ಡೊಂಬಿವಿಲಿ ಮುಲುಂಡ್ ಕಡೆಯ ಮನೆಗಳಲ್ಲಿ ಈ ತೊಂದರೆಯನ್ನು ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಮದುವೆಯ ವಿಡಿಯೊ, ಯಕ್ಷಗಾನದ ಧ್ವನಿಮುದ್ರಣ, ಸಂಘದ ಸದಸ್ಯರ ಪಟ್ಟಿ, ಲೆಕ್ಕಪತ್ರ, ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ವಾರ್ಷಿಕ ಸಂಚಿಕೆಗಳು ಎಲ್ಲವೂ ಒಂದೇ ಡಿಸ್ಕಿನಲ್ಲಿ ಇರುತ್ತವೆ. ಇಂಥವು ಕೈತಪ್ಪುವುದು ಡಿಸ್ಕಿನ ದೋಷಕ್ಕಿಂತ ಹೆಚ್ಚಾಗಿ ಅವಸರದ ದುರಸ್ತಿಯಿಂದ. ಆದ್ದರಿಂದ ಈ ಬರಹದ ಉದ್ದಕ್ಕೂ ಒಂದು ಕ್ರಮವನ್ನು ಹಿಡಿದುಕೊಂಡಿದ್ದೇನೆ: ಮೊದಲು ಓದುವುದು, ಆಮೇಲೆ ಪ್ರತಿ ತೆಗೆಯುವುದು, ಕೊನೆಗೆ ಬರೆಯುವುದು. ಯಾವ ಪದರದಲ್ಲಿ ದೋಷವಿದೆ ಎಂದು ಗೊತ್ತಾಗುವವರೆಗೆ ಡಿಸ್ಕಿನ ಮೇಲೆ ಒಂದು ಬೈಟ್ ಕೂಡ ಬರೆಯಬಾರದು.

ದೋಷ ನಾಲ್ಕು ಪದರಗಳಲ್ಲಿ ಇರಬಹುದು. ಕೇಬಲ್, ಡಾಕ್ (ಬಿಡಿ ಡಿಸ್ಕನ್ನು ಸಿಕ್ಕಿಸುವ ಪೀಠ), ಕೇಸಿಂಗ್ (ಡಿಸ್ಕಿನ ಹೊರಪೆಟ್ಟಿಗೆ), ವಿದ್ಯುತ್ ಪೂರೈಕೆ ಒಂದು ಪದರ. ಡಿಸ್ಕಿನಲ್ಲಿ ಯಾವ ವಿಭಾಗ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಸುವ ಪಾರ್ಟಿಶನ್ ಪಟ್ಟಿ ಎರಡನೆಯದು. ವಿಭಾಗದ ಒಳಗೆ ಕಡತಗಳ ಲೆಕ್ಕ ಇಡುವ ಫೈಲ್ ಸಿಸ್ಟಂ ಮೂರನೆಯದು. ಕೊನೆಯದು ಡಿಸ್ಕಿನ ತಟ್ಟೆ, ಅಂದರೆ ಮಾಹಿತಿ ಬರೆಯುವ ಚಿಕ್ಕ ಚಿಕ್ಕ ತುಂಡುಗಳಾದ ಸೆಕ್ಟರುಗಳು. ನಾಲ್ಕರಲ್ಲಿ ಯಾವುದು ಕೆಟ್ಟರೂ ಪರದೆಯ ಮೇಲೆ ಹೆಚ್ಚುಕಡಿಮೆ ಅದೇ ಸಂದೇಶ ಬರುತ್ತದೆ. ಆದರೆ ಮೂರನೆಯ ಪದರಕ್ಕೆ ಮಾಡುವ ಚಿಕಿತ್ಸೆಯನ್ನು ನಾಲ್ಕನೆಯ ಪದರ ಕೆಟ್ಟಿರುವ ಡಿಸ್ಕಿಗೆ ಮಾಡಿದರೆ ಉಳಿದದ್ದೂ ಹೋಗುತ್ತದೆ.

ಎಲ್ಲಿ ನೋಡಬೇಕು

ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಇನಿಶಿಯಲೈಸ್’ ಕಿಟಕಿ ತಾನಾಗಿ ಬಂದರೆ ಮುಚ್ಚಿಬಿಡಿ. ಕೆಳಭಾಗದಲ್ಲಿ ಒಂದೊಂದು ಡಿಸ್ಕಿಗೆ ಒಂದೊಂದು ಪಟ್ಟೆ ಕಾಣುತ್ತದೆ. ಮೇಲಂಚಿನಲ್ಲಿ ಕಡು ನೀಲಿ ಗೆರೆ ಇದ್ದರೆ ಅದು ಪ್ರೈಮರಿ ವಿಭಾಗ. ಕಪ್ಪು ಗೆರೆ ಇದ್ದರೆ ಯಾವ ವಿಭಾಗಕ್ಕೂ ಸೇರದ ಜಾಗ, ಅಂದರೆ ‘ಅನ್‌ಅಲೊಕೇಟೆಡ್’. ಎಡತುದಿಯ ಬೂದು ಚೌಕದಲ್ಲಿ ಡಿಸ್ಕಿನ ಕ್ರಮಸಂಖ್ಯೆ, ಒಟ್ಟು ಗಾತ್ರ ಮತ್ತು ಸ್ಥಿತಿ ಇರುತ್ತವೆ. ಈ ಪರದೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಇಡೀ ಪತ್ತೆ ನಿಂತಿರುವುದು ಇಲ್ಲಿನ ಅಂಕಿಗಳ ಮೇಲೆ.

ಬಹಳ ಮಂದಿ ಈ ಅಂಕಿಗಳನ್ನು ಓದದೆಯೇ ಮುಂದೆ ಹೋಗುತ್ತಾರೆ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಗಾತ್ರ ಹೇಳುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಹಾಗಾಗಿ 500 ಜಿಬಿ ಡಿಸ್ಕ್ 465 ಆಗಿ, 1 ಟಿಬಿ 931 ಆಗಿ, 4 ಟಿಬಿ ಸುಮಾರು 3726 ಆಗಿ ಕಾಣುವುದು ಸರಿಯಾದದ್ದೇ. ಇದನ್ನು ನೋಡಿ ಅಂಗಡಿಯವನು ಮೋಸ ಮಾಡಿದ ಎಂದುಕೊಳ್ಳಬೇಕಾಗಿಲ್ಲ. ಬೇರೆ ಅಂಕಿ ಕಂಡಾಗ ಮಾತ್ರ ನಿಂತು ನೋಡಬೇಕು.

ಅಂಕಿಯೇ ಹೇಳುವ ದೋಷ

ಉಪನಗರದ ಸಂಘವೊಂದರಲ್ಲಿ ನಾಟಕ ಮತ್ತು ತಾಳಮದ್ದಳೆಯ ಧ್ವನಿಮುದ್ರಣಗಳಿದ್ದ 4 ಟಿಬಿ ಡಿಸ್ಕ್ ಒಂದಿತ್ತು. ಅದರ ಕೇಸಿಂಗಿನ ಯುಎಸ್‌ಬಿ ಕಂಡಿ ಮುರಿದುಹೋಯಿತು. ಒಳಗಿನ ಡಿಸ್ಕನ್ನು ಹೊರತೆಗೆದು ಕಚೇರಿಯ ಡೆಸ್ಕ್‌ಟಾಪಿನ ಒಳಗಿನ ಡಿಸ್ಕುಗಳಿಗೆ ಬಳಸುವ ಸಾಟಾ ಕೇಬಲಿಗೆ ನೇರವಾಗಿ ಸಿಕ್ಕಿಸಿದರು. ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬಂತು. ‘ಸರ್, ಡಿಸ್ಕ್ ಸತ್ತೇ ಹೋಯಿತು, ಇಪ್ಪತ್ತು ವರ್ಷದ ಕೆಲಸ’ ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಯಾವ ಅಂಕಿ ಕಾಣುತ್ತಿದೆ ಎಂಬುದು. ಉತ್ತರ: 465.75 ಜಿಬಿಯ ಒಂದು ‘ರಾ’ ವಿಭಾಗ (ಅಂದರೆ ವಿಂಡೋಸಿಗೆ ಫೈಲ್ ಸಿಸ್ಟಂ ಗುರುತು ಸಿಗದ್ದು), ಉಳಿದದ್ದೆಲ್ಲ ಕಪ್ಪು.

ಆ ಅಂಕಿಯೇ ಸಮಾಧಾನ ಕೊಟ್ಟಿತು. 465.75ನ್ನು ಎಂಟರಿಂದ ಗುಣಿಸಿದರೆ 3726, ಅಂದರೆ ಇಡೀ ಡಿಸ್ಕಿನ ಗಾತ್ರ. ದೊಡ್ಡ ಡಿಸ್ಕುಗಳ ಕೆಲವು ಯುಎಸ್‌ಬಿ ಕೇಸಿಂಗುಗಳು 512 ಬೈಟಿನ ಸೆಕ್ಟರನ್ನು ಕಂಪ್ಯೂಟರಿಗೆ 4096 ಬೈಟಿನ ಸೆಕ್ಟರಾಗಿ ತೋರಿಸುತ್ತವೆ. ಹಳೆಯ ಎಂಬಿಆರ್ ಪಾರ್ಟಿಶನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಜಾಗ ಇರುವುದರಿಂದ, 512ರ ಲೆಕ್ಕದಲ್ಲಿ 2 ಟಿಬಿಗಿಂತ ಮುಂದೆ ಅದು ಎಣಿಸಲಾರದು. ಸೆಕ್ಟರನ್ನು ಎಂಟು ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಅದೇ ಪಟ್ಟಿ 16 ಟಿಬಿವರೆಗೆ ಸಾಲುತ್ತದೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಾಲಕ್ಕೆ ಇದು ಬೇಕಾಗಿತ್ತು. ಆದರೆ ಕೇಸಿಂಗನ್ನು ತೆಗೆದು ಡಿಸ್ಕನ್ನು ನೇರವಾಗಿ ಜೋಡಿಸಿದ ಕ್ಷಣ ಸೆಕ್ಟರ್ ಮತ್ತೆ 512 ಆಗುತ್ತದೆ. ಪಟ್ಟಿಯಲ್ಲಿ ‘256ನೆಯ ಸೆಕ್ಟರಿನಿಂದ ಆರಂಭ’ ಎಂದು ಬರೆದಿದ್ದರೆ, ಕೇಸಿಂಗಿನ ಲೆಕ್ಕದಲ್ಲಿ ಅದು 1 ಎಂಬಿ ದೂರ. ನೇರ ಜೋಡಣೆಯ ಲೆಕ್ಕದಲ್ಲಿ 128 ಕೆಬಿ ಮಾತ್ರ. ವಿಂಡೋಸ್ ತಪ್ಪು ಜಾಗಕ್ಕೆ ಹೋಗಿ ನೋಡುತ್ತದೆ, ಅಲ್ಲಿ ಫೈಲ್ ಸಿಸ್ಟಂ ಇಲ್ಲ, ಆದ್ದರಿಂದ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಡಿಸ್ಕಿನಲ್ಲಿ ಒಂದು ಅಕ್ಷರವೂ ಅಳಿಸಿರುವುದಿಲ್ಲ.

ಈ ದೋಷಕ್ಕೆ ಡಿಸ್ಕಿನ ಮೇಲೆ ಏನನ್ನೂ ಬರೆಯದ ಪರಿಹಾರವಿದೆ. ಅದೇ ಮಾದರಿಯ, ಅಂದರೆ 4096ರ ಲೆಕ್ಕದಲ್ಲಿ ತೋರಿಸುವ ಇನ್ನೊಂದು ಕೇಸಿಂಗ್ ಸಿಕ್ಕಿದರೆ ಎಲ್ಲ ಕಡತಗಳೂ ಇದ್ದಂತೆಯೇ ಕಾಣುತ್ತವೆ. ಗ್ರ್ಯಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಡಿಸ್ಕನ್ನು ಜೊತೆಗೊಯ್ದು ಸಿಕ್ಕಿಸಿ ನೋಡಿಯೇ ಕೊಳ್ಳುವುದು ಒಳ್ಳೆಯದು. ಎಲ್ಲ ಕೇಸಿಂಗುಗಳೂ ಹೀಗೆ ತೋರಿಸುವುದಿಲ್ಲ, ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದೂ ಅಪರೂಪ. ಕೇಸಿಂಗ್ ಸಿಗದಿದ್ದರೆ ಲಿನಕ್ಸಿನಲ್ಲಿ ‘ಲೋಸೆಟಪ್’ ಎಂಬ ಸಾಧನದಿಂದ ಡಿಸ್ಕನ್ನು 4096 ಬೈಟಿನ ಸೆಕ್ಟರಿನ ‘ಲೂಪ್’ ಎಂಬ ತೋರಿಕೆಯ ಡಿಸ್ಕಾಗಿ, ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ತೆರೆದು ಕಡತಗಳನ್ನು ಬೇರೆಡೆಗೆ ಪ್ರತಿ ಮಾಡಬಹುದು. ಪ್ರತಿ ಪೂರ್ತಿಯಾಗಿ, ನಾಲ್ಕಾರು ವಿಡಿಯೊ ತೆರೆದು ನೋಡಿದ ಮೇಲೆ, ಹಳೆಯ ಡಿಸ್ಕನ್ನು ಎಂಬಿಆರ್ ಬದಲು ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಯೊಡನೆ ಹೊಸದಾಗಿ ಸಿದ್ಧಪಡಿಸಿಕೊಳ್ಳಿ.

ಇಂಥದೇ ಇನ್ನೂ ಮೂರು ಗುರುತುಗಳಿವೆ. 4 ಟಿಬಿ ಡಿಸ್ಕ್ 2048 ಮತ್ತು 1678 ಜಿಬಿ ಎಂದು ಎರಡು ತುಂಡಾಗಿ ಕಂಡು, ಎರಡನೆಯ ತುಂಡಿನಲ್ಲಿ ವಾಲ್ಯೂಮ್ (ಬಳಸಬಹುದಾದ ವಿಭಾಗ) ಮಾಡಲು ಬಿಡದಿದ್ದರೆ, ಅದನ್ನು 512ರ ಲೆಕ್ಕದ ಎಂಬಿಆರ್ ಪಟ್ಟಿಯಲ್ಲಿ ಸಿದ್ಧಪಡಿಸಲಾಗಿದೆ ಎಂದರ್ಥ. ಡಿಸ್ಕ್ ಖಾಲಿ ಇದ್ದರೆ ಜಿಪಿಟಿಗೆ ಬದಲಿಸಿದರೆ ಸಾಕು. ‘ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಶನ್’ ಎಂದು ಬಂದು ಯಾವ ಆಯ್ಕೆಯೂ ತೆರೆಯದಿದ್ದರೆ, ಮೇಲೆ ಹೇಳಿದ ಸೆಕ್ಟರ್ ಗೊಂದಲವೇ ಜಿಪಿಟಿ ಡಿಸ್ಕಿನಲ್ಲಿ ಆಗಿರುವ ಸಾಧ್ಯತೆ ಹೆಚ್ಚು. ಇಲ್ಲವೇ ಕಂಪ್ಯೂಟರ್ ಜಿಪಿಟಿಯನ್ನು ಓದಲಾರದಷ್ಟು ಹಳೆಯದು. ಮೂರನೆಯದು ಅಪಾಯಕಾರಿ: 3 ಟಿಬಿ ಡಿಸ್ಕ್ 746 ಜಿಬಿ ಎಂದು ಕಾಣುವುದು. 3 ಟಿಬಿಯ 2794 ಜಿಬಿಯಲ್ಲಿ 2048 ಕಳೆದರೆ ಉಳಿಯುವುದು ಅಷ್ಟೇ. ಹಳೆಯ ಡಾಕ್ ಅಥವಾ ಹಳೆಯ ಡ್ರೈವರ್ ತಂತ್ರಾಂಶ 2 ಟಿಬಿಯಾಚೆ ಎಣಿಸಲಾಗದೆ ಸೊನ್ನೆಗೆ ಮರಳಿದೆ. ಆ ಸ್ಥಿತಿಯಲ್ಲಿ ಡಿಸ್ಕಿಗೆ ಏನನ್ನಾದರೂ ಬರೆದರೆ ಅದು ಎಲ್ಲಿ ಹೋಗಿ ಬೀಳುತ್ತದೆ ಎಂಬ ಭರವಸೆ ಇರುವುದಿಲ್ಲ. ಕೂಡಲೇ ಕಳಚಿ, ಹೊಸ ಡಾಕ್ ತನ್ನಿ.

ಒಂದು ಎಚ್ಚರಿಕೆ. ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ, ನೀವು ಪಾಸ್‌ವರ್ಡ್ ಇಡದಿದ್ದರೂ, ಕೇಸಿಂಗಿನ ಒಳಗಿನ ಚಿಪ್ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತದೆ. ಅಂಥ ಡಿಸ್ಕನ್ನು ಹೊರತೆಗೆದು ಬೇರೆಡೆ ಸಿಕ್ಕಿಸಿದರೆ ಏನೂ ಕಾಣುವುದಿಲ್ಲ. ಆದ್ದರಿಂದ ಮುರಿದ ಕೇಸಿಂಗಿನ ಸರ್ಕ್ಯೂಟ್ ತುಂಡನ್ನು ಕಸಕ್ಕೆ ಹಾಕಬೇಡಿ. ಕಂಡಿಯನ್ನು ಬೆಸುಗೆ ಹಾಕಿಸಿ ಅದೇ ತುಂಡನ್ನು ಮತ್ತೆ ಬಳಸಬೇಕಾಗಿ ಬರಬಹುದು.

ಕೇಬಲ್, ವಿದ್ಯುತ್, ಉಪ್ಪುಗಾಳಿ

ಅಂಕಿ ಸರಿಯಿದ್ದು ಡಿಸ್ಕ್ ಬಂದು ಬಂದು ಮಾಯವಾಗುತ್ತಿದ್ದರೆ ಮೊದಲ ಅನುಮಾನ ಕೇಬಲಿನ ಮೇಲೆ ಇರಲಿ. ದೊಡ್ಡ 3.5 ಇಂಚಿನ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಬೇಕೇ ಬೇಕು. ಚಿಕ್ಕ 2.5 ಇಂಚಿನದು ಯುಎಸ್‌ಬಿಯ 5 ವೋಲ್ಟಿನಲ್ಲೇ ನಡೆಯುತ್ತದೆ, ಆದರೆ ಡೆಸ್ಕ್‌ಟಾಪಿನ ಮುಂಭಾಗದ ಕಂಡಿಗೆ ಸಿಕ್ಕಿಸಿದರೆ ಹಲವೆಡೆ ವಿದ್ಯುತ್ ಸಾಲದೆ ತಡವರಿಸುತ್ತದೆ. ಹಿಂಭಾಗದ ಕಂಡಿಗೆ, ಮದರ್‌ಬೋರ್ಡಿಗೇ ನೇರ ಸೇರಿದ್ದಕ್ಕೆ, ಸಿಕ್ಕಿಸಿ ನೋಡಿ. ಕಡಲಿನ ಪಕ್ಕದ ಈ ಊರಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕ, ಲೋಹದ ತುದಿಗಳು ಬೇಗ ಮಸುಕಾಗುತ್ತವೆ. ಕೇಬಲನ್ನು ಕಳಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿದ ಮಾತ್ರಕ್ಕೇ ಸರಿಹೋದ ಡಿಸ್ಕುಗಳು ಎಷ್ಟೋ.

ಡಿಸ್ಕಿನ ಆರೋಗ್ಯ ತಿಳಿಯಲು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ಉಚಿತ ತಂತ್ರಾಂಶ ಸಾಕು. ಡಿಸ್ಕಿನೊಳಗೇ ದಾಖಲಾಗುವ ಸ್ಮಾರ್ಟ್ ಅಂಕಿಗಳನ್ನು ಅದು ತೋರಿಸುತ್ತದೆ, ಏನನ್ನೂ ಬರೆಯುವುದಿಲ್ಲ. ‘ಸಿ7’ ಎಂಬ ಸಾಲಿನ ಅಂಕಿ ಏರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಕೇಬಲಿನದು. ‘05’ ಕೆಟ್ಟು ಬದಲಿಸಲಾದ ಸೆಕ್ಟರುಗಳ ಲೆಕ್ಕ, ‘ಸಿ5’ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವುಗಳ ಲೆಕ್ಕ, ‘ಸಿ6’ ಸರಿಪಡಿಸಲಾಗದವುಗಳ ಲೆಕ್ಕ. ಈ ಮೂರರಲ್ಲಿ ಸೊನ್ನೆಯಲ್ಲದ ಅಂಕಿ ಕಂಡು ಅದು ಹೆಚ್ಚುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಆಗ ‘ಚೆಕ್ ಡಿಸ್ಕ್’ ಓಡಿಸಲೇಬಾರದು. ಅದು ಫೈಲ್ ಸಿಸ್ಟಮನ್ನು ಸರಿಪಡಿಸುವ ಸಾಧನ, ಮಾಹಿತಿಯನ್ನು ಉಳಿಸುವ ಸಾಧನವಲ್ಲ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಕೆರೆದು, ಓದಲಾಗದ ದಾಖಲೆಗಳನ್ನು ಕಿತ್ತುಹಾಕಬಹುದು. ಬದಲಿಗೆ ಲಿನಕ್ಸಿನ ‘ಡಿಡಿರೆಸ್ಕ್ಯೂ’ ಬಳಸಿ ಅಷ್ಟೇ ಗಾತ್ರದ ಅಥವಾ ಅದಕ್ಕಿಂತ ದೊಡ್ಡ ಡಿಸ್ಕಿಗೆ ಇಡೀ ಪ್ರತಿ ತೆಗೆಯಿರಿ. ಅದು ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನು ತೆಗೆದುಕೊಂಡು, ಆಮೇಲೆ ಕೆಟ್ಟ ಭಾಗಗಳಿಗೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬ ನಕ್ಷೆಯನ್ನು ಕಡತದಲ್ಲಿ ಇಡುವುದರಿಂದ, ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯುತ್ತದೆ. ಟಕ್ ಟಕ್ ಎಂಬ ಸದ್ದು ಬರುತ್ತಿರುವ ಡಿಸ್ಕಿಗೆ ಇದನ್ನೂ ಮಾಡಬೇಡಿ. ವಿದ್ಯುತ್ ತೆಗೆದು, ಮಾಹಿತಿಗೆ ಬೆಲೆಯಿದ್ದರೆ ವೃತ್ತಿಪರ ಪ್ರಯೋಗಾಲಯಕ್ಕೆ ಕೊಡಿ.

ಪಟ್ಟಿ ಅಳಿಸಿದ್ದರೆ

ಸ್ಮಾರ್ಟ್ ಅಂಕಿಗಳು ಚೆನ್ನಾಗಿವೆ, ಗಾತ್ರ ಸರಿಯಾಗಿದೆ, ಆದರೆ ಇಡೀ ಪಟ್ಟೆ ಕಪ್ಪು ಎಂದಾದರೆ ಪಾರ್ಟಿಶನ್ ಪಟ್ಟಿ ಹೋಗಿದೆ. ಎಂಬಿಆರ್ ಆಗಿದ್ದರೆ ಈ ಪಟ್ಟಿ ಮೊದಲ ಸೆಕ್ಟರಿನಲ್ಲಿರುವ ಬರೀ 64 ಬೈಟ್; ನಾಲ್ಕು ವಿಭಾಗಕ್ಕೆ ತಲಾ 16. ಹಳೆಯ ಚಾಳಿನ ಬಾಗಿಲಲ್ಲಿ ತೂಗುಹಾಕಿದ ಹೆಸರುಹಲಗೆ ಬಿದ್ದುಹೋದರೂ ಮನೆಗಳಲ್ಲಿ ಜನ ಇದ್ದೇ ಇರುವಂತೆ, ಪಟ್ಟಿ ಹೋದರೂ ಕಡತಗಳು ತಮ್ಮ ಜಾಗದಲ್ಲೇ ಇರುತ್ತವೆ. ಜಿಪಿಟಿಯಲ್ಲಿ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಹೊಸದಾಗಿ ಪಟ್ಟಿ ಬರೆಯುವಾಗ ನಾನು ಯಾವಾಗಲೂ ಜಿಪಿಟಿಯನ್ನೇ ಆಯ್ದುಕೊಳ್ಳಲು ಇದೂ ಒಂದು ಕಾರಣ.

‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶ ಕಳೆದ ವಿಭಾಗಗಳನ್ನು ಹುಡುಕಿಕೊಡುತ್ತದೆ. ಬರಿಯ ಅಕ್ಷರಗಳ ಕಪ್ಪು ಪರದೆ ನೋಡಿ ಹೆದರಬೇಡಿ. ಡಿಸ್ಕನ್ನು ಅದರ ಗಾತ್ರ ನೋಡಿ ಆರಿಸಿ, ‘ಅನಲೈಸ್’, ಆಮೇಲೆ ‘ಕ್ವಿಕ್ ಸರ್ಚ್’. ಸಿಕ್ಕ ವಿಭಾಗದ ಮೇಲೆ ನಿಂತು ‘ಪಿ’ ಕೀಲಿ ಒತ್ತಿದರೆ ಒಳಗಿನ ಕಡತಗಳ ಹೆಸರು ಕಾಣುತ್ತವೆ. ಈ ಹೆಜ್ಜೆಯನ್ನು ಬಿಡಲೇಬೇಡಿ. ಕಡತಗಳು ಸರಿಯಾಗಿ ಕಂಡರೆ ಮೊದಲು ಅಲ್ಲಿಂದಲೇ ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಿ. ‘ರೈಟ್’ ಒತ್ತುವ ಸರದಿ ಅದಾದ ಮೇಲೆ. ಪಟ್ಟಿ ಸರಿಯಿದ್ದು ವಿಭಾಗ ಮಾತ್ರ ‘ರಾ’ ಎಂದು ತೋರಿಸುತ್ತಿದ್ದರೆ, ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಂ) ವಿಭಾಗದ ಬೂಟ್ ಸೆಕ್ಟರ್, ಅಂದರೆ ಫೈಲ್ ಸಿಸ್ಟಮಿನ ವಿವರವಿರುವ ಮೊದಲ ಸೆಕ್ಟರ್, ಕೆಟ್ಟಿರಬಹುದು. ಅದರ ನಕಲು ವಿಭಾಗದ ಕೊನೆಯ ಸೆಕ್ಟರಿನಲ್ಲಿರುತ್ತದೆ. ಟೆಸ್ಟ್‌ಡಿಸ್ಕಿನ ‘ಅಡ್ವಾನ್ಸ್‌ಡ್’ ಭಾಗದಿಂದ ಅದನ್ನು ಮರಳಿ ತರಬಹುದು.

ಇದರ ಜೊತೆಗೇ ಬರುವ ‘ಫೋಟೊರೆಕ್’ ಕೊನೆಯ ದಾರಿ. ಅದು ಕಡತಗಳನ್ನು ಹೆಕ್ಕಿ ತರುತ್ತದೆ, ಹೆಸರು ಮತ್ತು ಫೋಲ್ಡರುಗಳನ್ನು ತರುವುದಿಲ್ಲ. ಸಾವಿರಾರು ಚಿತ್ರಗಳಿಗೆ ಯಾವ ಕಾರ್ಯಕ್ರಮ, ಯಾವ ವರ್ಷ ಎಂದು ಹಿರಿಯ ಸದಸ್ಯರನ್ನು ಕೂರಿಸಿಕೊಂಡು ಗುರುತಿಸುವುದು ತಿಂಗಳುಗಳ ಕೆಲಸ. ಟೆಸ್ಟ್‌ಡಿಸ್ಕ್ ಕೈಬಿಟ್ಟಾಗ ಮಾತ್ರ ಇದಕ್ಕೆ ಇಳಿಯಿರಿ.

ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಬರೆಯುವ ಎಸ್‌ಎಸ್‌ಡಿಯ ಮಾತು ಬೇರೆ. ಅದರಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ‘ಟ್ರಿಮ್’ ಎಂಬ ಆದೇಶ ಹೋಗಿ, ಒಳಗಿನ ಚಿಪ್ ಆ ಜಾಗವನ್ನು ಖಾಲಿ ಮಾಡಿಬಿಡುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಆಸೆ ಇಟ್ಟುಕೊಳ್ಳಬಹುದು. ಪೂರ್ಣ ಫಾರ್ಮ್ಯಾಟ್ ಆದರೆ ಅಲ್ಲೂ ಇಲ್ಲ, ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ವಿಭಾಗಕ್ಕೆ ಸೊನ್ನೆ ತುಂಬುತ್ತದೆ.

ಹೋಟೆಲಿನ ಸಿಸಿಟಿವಿ ಡಿಸ್ಕ್

ಇದನ್ನು ಹೋಟೆಲ್ ನಡೆಸುವವರಿಗಾಗಿಯೇ ಬರೆಯುತ್ತಿದ್ದೇನೆ. ಹಳೆಯ ದೃಶ್ಯ ಬೇಕಾದಾಗ, ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಬೇಡಿ. ಅನೇಕ ಡಿವಿಆರುಗಳು ತಮ್ಮದೇ ಆದ ಫೈಲ್ ಸಿಸ್ಟಮಿನಲ್ಲಿ ಬರೆಯುತ್ತವೆ, ಅದು ವಿಂಡೋಸಿಗೆ ತಿಳಿಯದು. ಇನಿಶಿಯಲೈಸ್ ಮಾಡಲೇ ಎಂದು ಕೇಳುತ್ತದೆ, ಯಾರೋ ಹೌದು ಎನ್ನುತ್ತಾರೆ, ದೃಶ್ಯ ಹೋಗುತ್ತದೆ. ಡಿವಿಆರ್‌ಗೆ ಪೆನ್‌ಡ್ರೈವ್ ಸಿಕ್ಕಿಸಿ ಅದರ ಮೆನುವಿನಿಂದಲೇ ದಿನ, ಸಮಯ ಕೊಟ್ಟು ಹೊರತೆಗೆಯಿರಿ. ಬೇಗ ತೆಗೆಯಿರಿ, ಡಿಸ್ಕ್ ತುಂಬಿದಂತೆ ಅದು ಹಳೆಯದರ ಮೇಲೆಯೇ ಬರೆಯುತ್ತಾ ಹೋಗುತ್ತದೆ.

‘ಸಿ’ ತುಂಬಿದೆ, ‘ಡಿ’ ಖಾಲಿ ಇದೆ

ಬಿಲ್ಲಿಂಗ್ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಕೇಳುವ ದೂರು ಇದು. ‘ಸಿ’ಯ ಮೇಲೆ ಬಲಗುಂಡಿ ಒತ್ತಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಒಂದು ವಿಭಾಗವನ್ನು ಅದರ ಬಲಕ್ಕೆ ಅಂಟಿಕೊಂಡೇ ಇರುವ ಕಪ್ಪು ಜಾಗಕ್ಕೆ ಮಾತ್ರ ಹಿಗ್ಗಿಸಬಲ್ಲದು. ‘ಡಿ’ಯನ್ನು ಕುಗ್ಗಿಸಿದರೆ ಖಾಲಿ ಜಾಗ ‘ಡಿ’ಯ ಬಲಕ್ಕೆ ಬರುತ್ತದೆ, ‘ಸಿ’ಗೆ ಅದು ಕೈಗೆಟುಕುವುದಿಲ್ಲ. ‘ಡಿ’ಯಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ತೆರೆದು ಪರೀಕ್ಷಿಸಿ, ‘ಡಿ’ಯನ್ನು ಅಳಿಸಿ, ‘ಸಿ’ಯನ್ನು ಬೇಕಾದಷ್ಟು ಹಿಗ್ಗಿಸಿ, ಉಳಿದದ್ದರಲ್ಲಿ ಮತ್ತೆ ‘ಡಿ’ ಮಾಡುವುದು ನೇರವಾದ ದಾರಿ. ವಿಭಾಗಗಳನ್ನು ಜರುಗಿಸುವ ಬೇರೆ ತಂತ್ರಾಂಶಗಳಿವೆ. ಆದರೆ ಜರುಗಿಸುವ ಹೊತ್ತಿನಲ್ಲಿ ವಿದ್ಯುತ್ ಹೋದರೆ ನಡುನೀರಿನಲ್ಲಿ ನಿಲ್ಲಬೇಕಾಗುತ್ತದೆ. ಯುಪಿಎಸ್ ಮತ್ತು ಬ್ಯಾಕಪ್ ಎರಡೂ ಇಲ್ಲದೆ ಅವುಗಳನ್ನು ಮುಟ್ಟಬೇಡಿ.

ಎರಡರ ನಡುವೆ ಚಿಕ್ಕ ‘ರಿಕವರಿ’ ವಿಭಾಗ ಕುಳಿತಿದ್ದರೂ ಹಿಗ್ಗಿಸಲಾಗುವುದಿಲ್ಲ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ವಿಭಾಗ ಬದಲಿಸುವ ಮೊದಲು 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಕುಗ್ಗಿಸುವಾಗ ಖಾಲಿ ಜಾಗ ಬಹಳ ಇದ್ದರೂ ಸ್ವಲ್ಪವೇ ಬಿಡುತ್ತೇನೆ ಎಂದು ವಿಂಡೋಸ್ ಹಟ ಹಿಡಿದರೆ, ಸ್ಥಳ ಬದಲಿಸಲಾಗದ ಯಾವುದೋ ಕಡತ ನಡುವೆ ಇದೆ ಎಂದರ್ಥ: ಪೇಜ್ ಫೈಲ್, ಹೈಬರ್ನೇಶನ್ ಕಡತ, ಅಥವಾ ರಿಸ್ಟೋರ್ ಪಾಯಿಂಟುಗಳು. ಈವೆಂಟ್ ವ್ಯೂವರಿನ ‘ಅಪ್ಲಿಕೇಶನ್’ ದಾಖಲೆಯಲ್ಲಿ 259 ಎಂಬ ಸಂಖ್ಯೆಯ ನಮೂದನ್ನು ತೆರೆದರೆ ಅಡ್ಡ ನಿಂತ ಕಡತದ ಹೆಸರೇ ಇರುತ್ತದೆ. ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕುಗ್ಗಿಸಿ, ಮತ್ತೆ ಚಾಲೂ ಮಾಡಿ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹನ್ನೊಂದಕ್ಕೆ ಹೋಗಲು ಹೊರಟವರಿಗೆ ಇನ್ನೊಂದು ತೊಡಕು ಎದುರಾಗುತ್ತಿದೆ. ಹಳೆಯ ಜೋಡಣೆಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಇರುವ ಡಿಸ್ಕ್ ಎಂಬಿಆರ್, ಆದರೆ ಹನ್ನೊಂದಕ್ಕೆ ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆ ಬೇಕು, ಅದರಲ್ಲಿ ಬೂಟ್ ಆಗಲು ಜಿಪಿಟಿ ಬೇಕು. ವಿಂಡೋಸಿನಲ್ಲೇ ಇರುವ ‘ಎಂಬಿಆರ್2ಜಿಪಿಟಿ’ ಮಾಹಿತಿ ಅಳಿಸದೆ ಬದಲಿಸಿಕೊಡುತ್ತದೆ. ಮೂರಕ್ಕಿಂತ ಹೆಚ್ಚು ಪ್ರೈಮರಿ ವಿಭಾಗಗಳಿದ್ದರೆ, ಅಥವಾ ಹಸಿರು ಚೌಕಟ್ಟಿನ ಎಕ್ಸ್‌ಟೆಂಡೆಡ್ ವಿಭಾಗ ಇದ್ದರೆ ಮಾತ್ರ ಅದು ಒಪ್ಪುವುದಿಲ್ಲ. ಸಿ, ಡಿ, ಇ, ಎಫ್ ಎಂದು ನಾಲ್ಕು ಪಾಲು ಮಾಡಿಕೊಡುತ್ತಿದ್ದ ಕಾಲದ ಕಂಪ್ಯೂಟರುಗಳಲ್ಲಿ ಇದೇ ತಡೆ. ಮೊದಲು ‘ವ್ಯಾಲಿಡೇಟ್’ ಆಯ್ಕೆಯೊಡನೆ ಓಡಿಸಿ, ಅದು ಬದಲಾವಣೆ ಮಾಡದೆ ಪರೀಕ್ಷೆ ಮಾತ್ರ ಮಾಡುತ್ತದೆ. ಬದಲಿಸಿದ ಮೇಲೆ ಬಯೋಸಿಗೆ (ಕಂಪ್ಯೂಟರ್ ಏಳುವಾಗ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಿ ಬೂಟ್ ವಿಧಾನವನ್ನು ‘ಲೆಗಸಿ’ಯಿಂದ ‘ಯುಇಎಫ್‌ಐ’ಗೆ ಬದಲಾಯಿಸದಿದ್ದರೆ ಕಂಪ್ಯೂಟರ್ ಏಳುವುದಿಲ್ಲ.

ಅಂಗಡಿಗೆ ಕೊಡುವಾಗ

ಇವನ್ನೆಲ್ಲ ನೀವೇ ಮಾಡಲು ಧೈರ್ಯ ಸಾಲದಿದ್ದರೆ ತಿಳಿದವರಿಗೆ ಕೊಡುವುದು ಸರಿಯಾದ ನಿರ್ಧಾರವೇ. ಆದರೆ ‘ಡಿಸ್ಕ್ ಸರಿ ಮಾಡಿಕೊಡಿ’ ಎಂದು ಮಾತ್ರ ಹೇಳಿ ಬರಬೇಡಿ. ಅಂಗಡಿಯವರ ಪಾಲಿಗೆ ಡಿಸ್ಕ್ ಸರಿಹೋಗುವುದು ಎಂದರೆ ಅದು ಮತ್ತೆ ಬಳಸುವಂತಾಗುವುದು, ಮತ್ತು ಅದಕ್ಕೆ ಹತ್ತಿರದ ದಾರಿ ಫಾರ್ಮ್ಯಾಟ್. ‘ನನಗೆ ಡಿಸ್ಕ್ ಬೇಡ, ಒಳಗಿನ ಕಡತಗಳು ಬೇಕು. ಫಾರ್ಮ್ಯಾಟ್, ಇನಿಶಿಯಲೈಸ್, ಚೆಕ್ ಡಿಸ್ಕ್ ಯಾವುದನ್ನೂ ಮಾಡಬೇಡಿ. ಮೊದಲು ಪೂರ್ಣ ಪ್ರತಿ ತೆಗೆದು ಆ ಪ್ರತಿಯ ಮೇಲೆ ಕೆಲಸ ಮಾಡಿ’ ಎಂದು ಮರಾಠಿಯಲ್ಲೋ ಹಿಂದಿಯಲ್ಲೋ ಚೀಟಿ ಬರೆದು ಡಿಸ್ಕಿಗೇ ಅಂಟಿಸಿ. ಪ್ರತಿ ತೆಗೆಯಲು ಖಾಲಿ ಡಿಸ್ಕೊಂದನ್ನು ಜೊತೆಗೆ ಕೊಡಿ. ಮೊಬೈಲಿನಲ್ಲಿ ತೆಗೆದಿಟ್ಟ ಆ ಮೊದಲ ಪರದೆಯ ಚಿತ್ರವನ್ನೂ ಅವರಿಗೆ ಕಳುಹಿಸಿ. ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ರಸೀತಿಯಲ್ಲಿ ಬರೆಸಿಕೊಳ್ಳಿ.